ಕೆರೆಯ ಮೀನು, ಕೆರೆಯ ಹರಿಗೋಲು



ಶಿರಾ ಸೀಮೆಯ ತಾವರೆಕೆರೆಯ ಹೆಸರಿನಲ್ಲೇ ಕೆರೆ ಇದೆ. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯೂ ಕೆರೆಯನ್ನು ನಂಬಿದ ಊರುಗಳೇ ಹೆಚ್ಚು. ಮಳೆ ಕಡಿಮೆ ಬೀಳುವ ಈ ನಾಡಿನಲ್ಲಿ ಕೆರೆ ತುಂಬಿತು ಅಂದರೆ ಹಬ್ಬ. ಹುಡುಗರು ಈಜೋಕೆ ಬರ್ತಾರೆ, ಗಾಳದವರು ಬರ್ತಾರೆ, ಬಲೆಯವರು ಹರಿಗೋಲು ತರ್ತಾರೆ. "ಕೆರೆ ಯಾರದಪ್ಪಾ?" ಎಂಬ ಜಗಳವೂ ಆಗಲೇ ಶುರುವಾಗುತ್ತದೆ.

ಇದನ್ನು ತಿಳಿದುಕೊಳ್ಳಿ. ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ. ಸಣ್ಣ ಕೆರೆಗಳದನ್ನು ಗ್ರಾಮ ಪಂಚಾಯಿತಿ ನೋಡಿಕೊಳ್ಳುತ್ತದೆ. ಗುತ್ತಿಗೆ ಹಿಡಿದವನಿಗೆ ಸಿಗುವುದು ಮೀನು, ನೀರಲ್ಲ. ಮೀನು ಬೇಗ ಹಿಡಿಯುವ ಆಸೆಗೆ ತೂಬು ಎತ್ತಿ ನೀರು ಬಿಟ್ಟರೆ ಅಚ್ಚುಕಟ್ಟಿನ ಪೈರು ಒಣಗುತ್ತದೆ, ದನಕ್ಕೆ ನೀರಿಲ್ಲದಾಗುತ್ತದೆ. ಅಂಥದ್ದು ಕಂಡರೆ ಕೈ ಮಾಡಬೇಡಿ. ನಾಲ್ಕು ಜನ ಸೇರಿ ಪಂಚಾಯಿತಿಗೆ ಬರೆದು ಕೊಡಿ. ಹಾಗೆಯೇ, ಗುತ್ತಿಗೆಯ ಕೆರೆಯಲ್ಲಿ ಕೇಳದೆ ಬಲೆ ಬೀಸುವುದೂ ತಪ್ಪೇ.

ಯಾಕೆ ಅಂತೀರಾ? ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. 1957ರಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದು ಕೊಟ್ಟು ಇಂಥ ಮೀನುಗಳಿಂದ ಮೊಟ್ಟೆಯಿಡಿಸಿದ ಮೇಲೆ ಮರಿಗಳು ಸುಲಭವಾಗಿ ಸಿಗುವಂತಾದವು. ಆ ಮರಿಗಳನ್ನು ದುಡ್ಡು ಕೊಟ್ಟು ತಂದು ಬಿಡಬೇಕು. ಬೆರಳುದ್ದದ ಮರಿ ಬಿಟ್ಟರೆ ಉಳಿಯುವುದು ಹೆಚ್ಚು. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರೂ ಒಟ್ಟಿಗೆ ಬೆಳೆಯುತ್ತವೆ. ಸಣ್ಣ ಕಣ್ಣಿನ ಬಲೆ ಬೀಸಿದರೆ ಬಿತ್ತಿದ ಬೀಜವನ್ನೇ ಕಿತ್ತು ತಿಂದಂತೆ. ಸಿಡಿಮದ್ದು, ವಿಷ ಹಾಕುವುದನ್ನಂತೂ 1897ರ ಮೀನುಗಾರಿಕೆ ಕಾಯಿದೆಯೇ ಅಪರಾಧ ಎಂದಿತು. ಅದೇ ನೀರನ್ನು ದನ ಕುಡಿಯುತ್ತದಲ್ಲವೇ?

ಇನ್ನು ಹರಿಗೋಲಿನ ಮಾತು. ಇಳಿಯೋಕೆ ಒಂದೇ ಜಾಗ ಗೊತ್ತು ಮಾಡಿ. ಅದು ತೂಬು, ಕೋಡಿಗಳಿಂದ ದೂರವಿರಲಿ. ಬಟ್ಟೆ ಒಗೆಯುವ ಕಡೆಯೂ ಬೇಡ. ಏರಿಯ ಕಲ್ಲು ಕೀಳಬೇಡಿ. ಹೆಚ್ಚು ಜನ ಹತ್ತಬೇಡಿ, ನಡುವೆ ಎದ್ದು ನಿಲ್ಲಬೇಡಿ. ಗಾಳಿ ತುಂಬಿದ ಲಾರಿ ಟ್ಯೂಬೊಂದು ಜೊತೆಗಿರಲಿ. ಗಾಳಿ ಎದ್ದರೆ ದಡಕ್ಕೆ ಬನ್ನಿ.

ಎಲ್ಲಕ್ಕಿಂತ ದೊಡ್ಡ ಮಾತು: ಬೇಸಗೆಯಲ್ಲಿ ನಾವೇ ಗೋಡು ತೆಗೆದ ಗುಂಡಿಗಳು ನೀರು ಬಂದ ಮೇಲೆ ಕಾಣುವುದಿಲ್ಲ. ಮೊಣಕಾಲುದ್ದ ಎಂದು ಇಳಿದ ಮಗು ಒಂದು ಹೆಜ್ಜೆಗೆ ಮುಳುಗುತ್ತದೆ. ಗೋಡು ಹೊಡೆಯುವಾಗ ದಡದ ಹತ್ತಿರ ಗುಂಡಿ ಬಿಡದೆ ಇಳಿಜಾರಾಗಿ ತೆಗೆಯಿರಿ. ಇರುವ ಗುಂಡಿಗೆ ನೀರು ಬರುವ ಮೊದಲೇ ಗಳ ನೆಟ್ಟು ಗುರುತು ಮಾಡಿ. ಮೀನು ಮುಂದಿನ ವರ್ಷವೂ ಬರುತ್ತದೆ, ಮಗು ಬರುವುದಿಲ್ಲ.