ಅಗ್ಗದ ವಿಮಾನಯಾನ ಬಾಳೀತೆ?



ವಾರ್ಷಿಕೋತ್ಸವದ ಸಭೆಯಲ್ಲಿ ಭಾಷೆಯ ಮಾತು, ಶಾಲೆಯ ಮಾತು ಬರುವುದು ವಾಡಿಕೆ. ಇಂದು ನಾವು ವಿಮಾನದ ಲೆಕ್ಕವನ್ನು ಎತ್ತಿಕೊಂಡುದನ್ನು ಕಂಡು ಕೆಲವರಿಗೆ ಸೋಜಿಗವಾಗಬಹುದು. 1951ರ ಡಿಸೆಂಬರಿನಲ್ಲಿ ನೆಹರೂ ಅವರು ಬಜಪೆಯ ಹೊಸ ನಿಲ್ದಾಣದಲ್ಲಿ ಬಂದಿಳಿದಾಗ ನಮ್ಮ ಹಿರಿಯರಿಗೆ ವಿಮಾನವೆಂಬುದು ಕತ್ತೆತ್ತಿ ನೋಡುವ ವಸ್ತುವಾಗಿತ್ತು. ಇಂದು ಹಾಗಲ್ಲ. ಕಾಸರಗೋಡಿನ ಕನ್ನಡ ಮನೆಗಳಲ್ಲಿ ಒಬ್ಬ ಮಗ ಕೊಲ್ಲಿಯ ನಾಡಿನಲ್ಲಿ, ಒಬ್ಬ ಮಗಳು ಬೆಂಗಳೂರಿನಲ್ಲಿ ಇರುವುದು ಸಾಮಾನ್ಯ ಸಂಗತಿ. ತಾಯಿಗೆ ಕಾಯಿಲೆಯೆಂಬ ಸುದ್ದಿ ಮುಟ್ಟಿದ ರಾತ್ರಿ ಅವರು ಊರಿಗೆ ಹೊರಟು ಬರಬಲ್ಲರೆ ಇಲ್ಲವೆ ಎಂಬುದನ್ನು ಟಿಕೆಟಿನ ಬೆಲೆ ನಿರ್ಧರಿಸುತ್ತದೆ. ಆದುದರಿಂದ, ಇಂಧನ ದುಬಾರಿಯಾದ ಕಾಲದಲ್ಲಿ ಅಗ್ಗದ ದರದ ಹೊಸ ವಿಮಾನ ಸಂಸ್ಥೆಯೊಂದು ತನ್ನ ಕಾಲಿನ ಮೇಲೆ ನಿಂತೀತೆ ಎಂಬ ಪ್ರಶ್ನೆ ಧನಿಕರದು ಮಾತ್ರವಲ್ಲ. ಅದು ನಮ್ಮದೂ ಹೌದು.

ಮೊದಲು ಅಗ್ಗವೆಂದರೇನು ಎಂಬುದನ್ನು ತಿಳಿಯೋಣ. ಅಗ್ಗದ ದರ ದಾನವಲ್ಲ. ಅದು ಕಡಮೆ ಖರ್ಚಿನ ಫಲ. ಮಂಗಳೂರಿಗೂ ಕಾಸರಗೋಡಿಗೂ ನಡುವೆ ಓಡುವ ಬಸ್ಸಿನ ಮಾಲಿಕರಿಗೆ ಈ ಗುಟ್ಟು ಚೆನ್ನಾಗಿ ತಿಳಿದಿದೆ. ನಿಂತ ಬಸ್ಸು ಸಾಲ ತಿನ್ನುತ್ತದೆ, ಓಡುವ ಬಸ್ಸು ಸಾಲ ತೀರಿಸುತ್ತದೆ. ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆ 1971ರಲ್ಲಿ ಹಾರಾಟ ತೊಡಗಿತು. ಮರುವರ್ಷವೇ ಹಣದ ಮುಗ್ಗಟ್ಟಿನಿಂದ ತನ್ನ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ನಾಲ್ಕರ ಕೆಲಸವನ್ನು ಮೂರರಿಂದ ಮಾಡಿಸಲು, ಇಳಿದ ವಿಮಾನವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಹಾರಿಸುವ ಪದ್ಧತಿಯನ್ನು ಅದು ರೂಢಿಸಿಕೊಂಡಿತು. ಒಂದೇ ಜಾತಿಯ ವಿಮಾನ, ಕಡಮೆ ನಿಲುಗಡೆ, ಊಟೋಪಚಾರಗಳಿಲ್ಲದ ಪಯಣ: ಮುಂದೆ ಲೋಕದ ಅಗ್ಗದ ಸಂಸ್ಥೆಗಳೆಲ್ಲ ಬಹುಮಟ್ಟಿಗೆ ಈ ದಾರಿಯನ್ನೇ ಹಿಡಿದುವು.

ಆದರೆ ಎಷ್ಟು ಮಿತವ್ಯಯ ಮಾಡಿದರೂ ಮಾಲಿಕನ ಕೈಗೆ ಸಿಗದ ಖರ್ಚು ಒಂದಿದೆ, ಅದು ಇಂಧನ. ಒಂದು ಸ್ಥೂಲವಾದ ಲೆಕ್ಕ ಹಾಕಿ ನೋಡೋಣ. 180 ಆಸನಗಳ ವಿಮಾನ ಗಂಟೆಗೆ ಸುಮಾರು 3,000 ಲೀಟರು ಇಂಧನವನ್ನು ಉರಿಸುತ್ತದೆ. ಲೀಟರಿಗೆ 100 ರೂಪಾಯಿಯಂತೆ 3 ಲಕ್ಷ ರೂಪಾಯಿ. 150 ಜನ ಕುಳಿತಿದ್ದರೆ ತಲೆಗೆ 2,000 ರೂಪಾಯಿ. ಬೆಲೆ 140 ರೂಪಾಯಿಗೆ ಏರಿತೆನ್ನಿ, ತಲೆಗೆ 2,800 ರೂಪಾಯಿ ಆಗುತ್ತದೆ. ಅದೇ ಹೊತ್ತಿಗೆ ಜನ ಕಡಮೆಯಾಗಿ 120 ಮಂದಿಯೇ ಹತ್ತಿದರೆ 3,500 ರೂಪಾಯಿ! ಚಾಲಕರ ಸಂಬಳ, ವಿಮಾನದ ಬಾಡಿಗೆ, ನಿಲ್ದಾಣದ ಶುಲ್ಕ, ದುರಸ್ತಿ ಇವೆಲ್ಲ ಇನ್ನೂ ಹೊರಗೇ ಉಳಿದುವು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಅಗ್ಗದ ಸಂಸ್ಥೆ ಉಳಿದ ಖರ್ಚುಗಳನ್ನೆಲ್ಲ ಕತ್ತರಿಸಿರುವುದರಿಂದಲೇ ಅದರ ಲೆಕ್ಕಪುಸ್ತಕದಲ್ಲಿ ಇಂಧನದ ಪಾಲು ದೊಡ್ಡದಾಗಿ ಕಾಣುತ್ತದೆ. ನಮ್ಮ ದೇಶದಲ್ಲಿ ಇದು ನೂರಕ್ಕೆ ಸುಮಾರು 40ರವರೆಗೆ ಹೋಗುವುದುಂಟು. ಬೆಲೆ ಏರಿದಾಗ ಪೆಟ್ಟು ಬೀಳುವುದು ಇವರಿಗೇ ಹೆಚ್ಚು. ಟಿಕೆಟಿನ ದರ ಏರಿಸೋಣವೆಂದರೆ ಇವರ ಪ್ರಯಾಣಿಕ ತನ್ನ ಕೈಯ ಹಣ ಕೊಡುವವನು. ಐನೂರು ರೂಪಾಯಿ ಹೆಚ್ಚಾದರೆ ಮತ್ತೆ ರೈಲಿಗೇ ಹೋಗುತ್ತಾನೆ. ಅಲ್ಲದೆ ಇಂಧನದ ಬೆಲೆಯೂ ವಿಮಾನದ ಬಾಡಿಗೆಯೂ ಡಾಲರಿಗೆ ಕಟ್ಟುಬಿದ್ದಿರುವುದರಿಂದ, ರೂಪಾಯಿ ಕುಸಿದರೆ ಎರಡು ಕಡೆಯಿಂದಲೂ ಏಟು.

ಈ ಮಾತಿಗೆ ನಮ್ಮ ಕನ್ನಡ ನಾಡಿನಲ್ಲಿಯೇ ದೊಡ್ಡ ದೃಷ್ಟಾಂತವಿದೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಸೈನ್ಯದಿಂದ ನಿವೃತ್ತರಾಗಿ ಬೇಸಾಯ ಮಾಡಿದವರು. 2003ರ ಆಗಸ್ಟಿನಲ್ಲಿ ಅವರ ಏರ್ ಡೆಕ್ಕನ್ ಸಂಸ್ಥೆ ಹಾರಾಟವನ್ನು ಆರಂಭಿಸಿತು. ಮೊದಲಿಗೆ 48 ಆಸನಗಳ ಚಿಕ್ಕ ವಿಮಾನಗಳು. ಹುಬ್ಬಳ್ಳಿ, ಮಂಗಳೂರುಗಳಂಥ ಊರುಗಳಿಗೆ ಸಂಪರ್ಕ. ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನೇ ಅದರ ಲಾಂಛನ. ಕೆಲವು ಆಸನಗಳನ್ನು ಒಂದು ರೂಪಾಯಿಗೂ ಮಾರಿದರು. ನಾಲ್ಕು ವರ್ಷಗಳೊಳಗೆ ಅರವತ್ತಕ್ಕೂ ಮಿಕ್ಕ ಊರುಗಳಿಗೆ ಅದು ಹಾರಿತು. ಎಂದೂ ವಿಮಾನ ಹತ್ತದ ಶಾಲಾ ಮಾಸ್ತರನೂ ಅಂಗಡಿಯ ಗುಮಾಸ್ತನೂ ಅದನ್ನು ಹತ್ತಿದರು. ಈ ಕೀರ್ತಿಯನ್ನು ಯಾರೂ ಕಸಿದುಕೊಳ್ಳಲಾರರು.

ಆದರೂ ಸಂಸ್ಥೆ ಉಳಿಯಲಿಲ್ಲ. 2007ರಲ್ಲಿ ಅದರ ನೂರಕ್ಕೆ 26 ಪಾಲು ಕಿಂಗ್‌ಫಿಷರ್ ಸಮೂಹಕ್ಕೆ ಹೋಯಿತು. 2008ರಲ್ಲಿ ಹೆಸರೂ ಅಳಿದು ಕಿಂಗ್‌ಫಿಷರ್ ರೆಡ್ ಎಂದಾಯಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಸಂಸ್ಥೆಯೇ ನೆಲಕ್ಕಿಳಿಯಿತು. ಇಂಧನವೇ ಇದನ್ನು ಕೊಂದಿತೆಂದು ಹೇಳುವವರುಂಟು. ಕಾಲದ ಕ್ರಮವನ್ನು ಗಮನಿಸಿರಿ. ಕಚ್ಚಾ ತೈಲ ಪೀಪಾಯಿಗೆ 147 ಡಾಲರನ್ನು ಮುಟ್ಟಿದುದು 2008ರ ಜುಲೈಯಲ್ಲಿ. ಡೆಕ್ಕನ್ ಪಾಲು ಕೈಬದಲಾದುದು ಅದಕ್ಕೂ ಒಂದು ವರ್ಷ ಮೊದಲು. ತೈಲ ಶಿಖರಕ್ಕೇರುವ ಮುನ್ನವೇ ಅದು ದಣಿದಿತ್ತು. ಅತಿ ವೇಗವಾಗಿ ಬೆಳೆದುದು, ಎರಡು ಜಾತಿಯ ವಿಮಾನಗಳನ್ನು ಸಾಕಿದುದು, ಪೈಪೋಟಿಗಿಳಿದ ಸಂಸ್ಥೆಗಳೆಲ್ಲ ಖರ್ಚಿಗಿಂತ ಕಡಮೆಗೆ ಆಸನ ಮಾರಿದುದು, ಕೈಯಲ್ಲಿ ಮೂಲಧನ ಸಾಲದೆ ಹೋದುದು: ಇವು ಅದನ್ನು ಸೊರಗಿಸಿದುವು. ಸೊರಗಿದ ದೇಹಕ್ಕೆ ಇಂಧನದ ಜ್ವರ ತಗಲಿದರೆ ಚೇತರಿಕೆ ಕಷ್ಟ.

ಇದಕ್ಕೆ ಪ್ರತಿಯಾಗಿ, 2006ರ ಆಗಸ್ಟಿನಲ್ಲಿ ಹೊರಟ ಇಂಡಿಗೋ ಸಂಸ್ಥೆಯನ್ನು ನೋಡಿರಿ. ಹಾರುವುದಕ್ಕೆ ಮುನ್ನವೇ, 2005ರಲ್ಲಿ, ಒಂದೇ ಜಾತಿಯ 100 ವಿಮಾನಗಳಿಗೆ ಬೇಡಿಕೆಯಿಟ್ಟು ಅದು ತಯಾರಕರಿಂದ ಒಳ್ಳೆಯ ಬೆಲೆಯನ್ನು ಪಡೆಯಿತು. ಇತರರು ನಷ್ಟದಲ್ಲಿ ಮುಳುಗಿದ್ದ 2008-09ರಲ್ಲಿ ಅದು ಲಾಭವನ್ನು ತೋರಿಸಿತು. ಎಲ್ಲರೂ ಕೊಂಡುದು ಅದೇ ದುಬಾರಿ ಇಂಧನವನ್ನೇ ಅಲ್ಲವೆ? ಅಂತೆಯೇ 2022ರ ಜೂನಿನಲ್ಲಿ ದೆಹಲಿಯಲ್ಲಿ ವಿಮಾನ ಇಂಧನ ಸಾವಿರ ಲೀಟರಿಗೆ 1 ಲಕ್ಷ 41 ಸಾವಿರ ರೂಪಾಯಿಯನ್ನು ದಾಟಿತು. ಅದಾದ ಎರಡೇ ತಿಂಗಳಿಗೆ, ಆಗಸ್ಟ್ 7ರಂದು, ಆಕಾಶ ಏರ್ ಎಂಬ ಹೊಸ ಸಂಸ್ಥೆ ಮುಂಬಯಿಯಿಂದ ಅಹಮದಾಬಾದಿಗೆ ಮೊದಲ ಹಾರಾಟ ನಡೆಸಿತು. ಹಳೆಯ ಮಾದರಿಗಿಂತ ಕಡಮೆ ಇಂಧನ ಕುಡಿಯುವ ಒಂದೇ ಜಾತಿಯ ವಿಮಾನಗಳನ್ನು ಅದು ಆರಿಸಿಕೊಂಡಿತು. ದುಬಾರಿ ಕಾಲದಲ್ಲಿ ಹುಟ್ಟಿದವನಿಗೆ ಒಂದು ಅನುಕೂಲವಿದೆ: ಅವನು ಮೊದಲ ದಿನದಿಂದಲೇ ದುಬಾರಿಯ ಲೆಕ್ಕವನ್ನು ಕಲಿತಿರುತ್ತಾನೆ.

ಇನ್ನೊಂದು ಉಪಾಯವೂ ಉಂಟು. ಮಳೆಗಾಲಕ್ಕೆ ಮುನ್ನ ನಮ್ಮ ಮನೆಗಳಲ್ಲಿ ಅಕ್ಕಿಮುಡಿ ಕಟ್ಟಿ ಅಟ್ಟದಲ್ಲಿಡುತ್ತಿದ್ದಂತೆ, ಸೌತ್‌ವೆಸ್ಟ್ ಸಂಸ್ಥೆ ಮುಂದಿನ ವರ್ಷಗಳ ಇಂಧನಕ್ಕೆ ಮೊದಲೇ ಬೆಲೆ ಗೊತ್ತುಮಾಡಿಕೊಂಡು 2008ರ ಬಿಸಿಯನ್ನು ಬಹುಮಟ್ಟಿಗೆ ತಪ್ಪಿಸಿಕೊಂಡಿತು. ಆದರೆ ಅದೇ ವರ್ಷದ ಕೊನೆಗೆ ತೈಲ ದಿಢೀರನೆ ಇಳಿದಾಗ, ಹೀಗೆ ಬೆಲೆ ಕಟ್ಟಿಕೊಂಡವರು ನಷ್ಟವನ್ನೂ ಅನುಭವಿಸಿದರು. ಮುಡಿ ಕಟ್ಟುವುದಕ್ಕೂ ಕೈಯಲ್ಲಿ ಹಣ ಬೇಕು, ಅಳತೆಯೂ ತಿಳಿದಿರಬೇಕು.

ಸರಕಾರದ ಹೊಣೆಯನ್ನೂ ಹೇಳದಿದ್ದರೆ ಮಾತು ಅರೆಯಾದೀತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ವಿಮಾನ ಇಂಧನವನ್ನು ಅದರ ಹೊರಗಿಡಲಾಯಿತು. ರಾಜ್ಯಕ್ಕೊಂದು ತೆರಿಗೆ, ಕೆಲವೆಡೆ ನೂರಕ್ಕೆ 30ರ ಸಮೀಪಕ್ಕೆ ಹೋದುದೂ ಉಂಟು. 2016ರಲ್ಲಿ ಪ್ರಕಟವಾದ ಉಡಾನ್ ಯೋಜನೆಯಲ್ಲಿ ಚಿಕ್ಕ ಊರುಗಳ ನಿಲ್ದಾಣಗಳಿಗೆ ಈ ತೆರಿಗೆಯನ್ನು ನೂರಕ್ಕೆ 1ಕ್ಕೆ ಇಳಿಸಬೇಕೆಂದು ಗೊತ್ತುಮಾಡಲಾಯಿತು. ವಿಮಾನವನ್ನು ಭೋಗವಸ್ತುವೆಂದು ಎಣಿಸಿ ತೆರಿಗೆ ಹಾಕುವ ಕಾಲ ಕಳೆಯಿತು. ದುಡಿಮೆಗೆ ಹೋಗುವವನ ದಾರಿಗೆ ಇಷ್ಟು ಸುಂಕ ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಉತ್ತರವೇನು? ಬಾಳಬಲ್ಲದು, ಆದರೆ ನಿಯಮದಿಂದ ಬಾಳಬೇಕು. ಇಂಧನದ ಏರಿಕೆ ಎಲ್ಲರ ಮೇಲೂ ಸುರಿಯುವ ಮಳೆ. ಸೋರುವ ಮಾಡಿನ ಮನೆಯೇ ಮೊದಲು ಒದ್ದೆಯಾಗುವುದು. ಎರಡು ಕೆಟ್ಟ ವರ್ಷಗಳನ್ನು ತಾಳುವಷ್ಟು ಮೂಲಧನ, ಕಡಮೆ ಇಂಧನದ ವಿಮಾನ, ತುಂಬಿದ ಆಸನ, ಖರ್ಚಿಗೆ ಕಡಮೆಯಾಗದ ದರ ಇವಿದ್ದ ಸಂಸ್ಥೆ ಉಳಿದೀತು. ಇವಿಲ್ಲದಿದ್ದರೆ ಇಂಧನ ಅಗ್ಗವಾದರೂ ಅದು ಬೀಳುವುದು.

ಬಿದ್ದಾಗ ನೋಯುವವರು ಯಾರು? 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಸಂಸ್ಥೆ ಹಾರಾಟವನ್ನು ನಿಲ್ಲಿಸಿತು. ಇಂಜಿನುಗಳ ದೋಷದಿಂದ ವಿಮಾನಗಳು ನೆಲಹಿಡಿದುವೆಂದು ಅದು ಕಾರಣ ಹೇಳಿತು. ಕಣ್ಣೂರಿನಿಂದ ಕೊಲ್ಲಿಯ ನಾಡುಗಳಿಗೆ ಹೋಗುತ್ತಿದ್ದ ಅದರ ವಿಮಾನಗಳೂ ಆಗ ನಿಂತುವು. ಮುಂಗಡವಾಗಿ ಟಿಕೆಟು ಕೊಂಡವರ ಹಣ ಸಾಲಗಾರರ ಸಾಲಿನಲ್ಲಿ ಸಿಕ್ಕಿಬಿದ್ದಿತು. ನೌಕರರು ಬೀದಿಗೆ ಬಂದರು. ಉಳಿದ ಸಂಸ್ಥೆಗಳ ದರವನ್ನು ತಡೆಯುವ ಪೈಪೋಟಿ ಕುಗ್ಗಿತು. 2025ರ ಜನವರಿಯಲ್ಲಿ ಅದರ ಸಮಾಪನಕ್ಕೆ ನ್ಯಾಯಮಂಡಲಿಯ ಆಜ್ಞೆಯಾಯಿತು.

ಆದುದರಿಂದ ಪ್ರಯಾಣಿಕರಾದ ನಾವು ಒಂದು ರೂಪಾಯಿಯ ಟಿಕೆಟನ್ನು ಕಂಡು ಹಿಗ್ಗುವುದಕ್ಕೆ ಮೊದಲು ಉಳಿದ ಹಣವನ್ನು ಯಾರು ತೆರುತ್ತಿದ್ದಾರೆಂದು ಕೇಳಿಕೊಳ್ಳಬೇಕು. ಮುಂಗಡ ಹಣವನ್ನು ಪ್ರತ್ಯೇಕವಾಗಿ ಕಾಪಾಡುವ ಕಟ್ಟುಪಾಡು ಬೇಕೆಂದು ಒತ್ತಾಯಿಸಬೇಕು. ಹಬ್ಬದ ವಾರದ ಅತಿ ದುಬಾರಿಯೂ ಬೇಡ, ನಾಳೆ ಮುಳುಗುವ ಅಗ್ಗವೂ ಬೇಡ. ಹತ್ತು ವರ್ಷದ ಮೇಲೂ ಅದೇ ವಿಮಾನ ಬಜಪೆಯಲ್ಲಿ ಬಂದಿಳಿಯುವಂಥ ನ್ಯಾಯವಾದ ದರ ಸಾಕು. ದೂರದಲ್ಲಿ ದುಡಿಯುವ ಮಕ್ಕಳು ಕರೆದಾಗ ಮನೆಗೆ ಬರುವಂತಾಗಲಿ.