ತಾತನ ರೇಡಿಯೊ ಒಳಗಿನ ಬಣ್ಣದ ಲೆಕ್ಕ

ಅಟ್ಟದ ಮೇಲೆ ತಾತನ ಕಾಲದ ವಾಲ್ವ್ ರೇಡಿಯೊ ಇದ್ಯಾ? ಗುಜರಿಗೆ ಹಾಕೋ ಮುಂಚೆ ಎರಡು ನಿಮಿಷ ನನ್ನ ಮಾತು ಕೇಳಿ.

ಇವತ್ತಿನ ರೆಸಿಸ್ಟರ್‌ನಲ್ಲಿ ಬಣ್ಣದ ಪಟ್ಟಿಗಳಿರುತ್ತವೆ, ಸಾಲಾಗಿ ಓದಿದ್ರೆ ಆಯ್ತು. 1930ರ ದಶಕದ ಎಷ್ಟೋ ರೆಸಿಸ್ಟರ್‌ಗಳಲ್ಲಿ ಪಟ್ಟಿನೇ ಇಲ್ಲ. ಮೈಗೆಲ್ಲ ಒಂದು ಬಣ್ಣ, ತುದಿಗೆ ಇನ್ನೊಂದು, ನಡುವೆ ಒಂದು ಚುಕ್ಕಿ. ಓದೋದೂ ಅದೇ ಕ್ರಮದಲ್ಲಿ. ಮೈ ಮೊದಲ ಅಂಕಿ, ತುದಿ ಎರಡನೆಯದು, ಚುಕ್ಕಿ ಹೇಳೋದು ಎಷ್ಟು ಸೊನ್ನೆ ಅಂತ. ಹಸಿರು ಮೈ 5, ಕಪ್ಪು ತುದಿ 0, ಕಿತ್ತಳೆ ಚುಕ್ಕಿ ಅಂದ್ರೆ ಮೂರು ಸೊನ್ನೆ. ಒಟ್ಟು 50,000 ಓಮ್.

ಪೂರ್ತಿ ಕೆಂಪಗಿದ್ದು ಚುಕ್ಕಿನೇ ಕಾಣದಿದ್ರೆ? ಅದು ಮೈ ಬಣ್ಣದಲ್ಲೇ ಸೇರ್ಕೊಂಡಿದೆ. ಕೆಂಪು ಅಂದ್ರೆ 2. ಹಾಗಾಗಿ 2, 2, ಮುಂದೆ ಎರಡು ಸೊನ್ನೆ: 2,200 ಓಮ್.

‘ಮಲ್ಟಿಮೀಟರ್ ಇಟ್ರೆ ಗೊತ್ತಾಗಲ್ವಾ?’ ಅಂತ ಕೇಳ್ತೀರಿ. ಹಳೇ ಕಾರ್ಬನ್ ರೆಸಿಸ್ಟರ್‌ಗಳಲ್ಲಿ ವಯಸ್ಸಾದಂತೆ ಓಮ್ ಏರ್ತಾ ಹೋಗುತ್ತೆ. ಮೀಟರ್ ಹೇಳೋದು ಇವತ್ತಿನ ಲೆಕ್ಕ, ಬಣ್ಣ ಹೇಳೋದು ಹುಟ್ಟಿದಾಗಿನ ಲೆಕ್ಕ. ಬದಲಿ ಹಾಕೋಕೆ ಬೇಕಿರೋದು ಎರಡನೆಯದು. ಔಟ್‌ಪುಟ್ ವಾಲ್ವ್‌ನ ಕ್ಯಾಥೋಡ್‌ಗೆ ಕಡಿಮೆ ಓಮ್‌ನದು ಹಾಕಿದ್ರೆ ಕರೆಂಟ್ ಮಿತಿಮೀರಿ ವಾಲ್ವೇ ಹಾಳಾಗಬಹುದು. ಬಿಸಿ ತಿಂದ ಕೆಂಪು, ಕಿತ್ತಳೆ ಎರಡೂ ಕಂದು ಥರ ಕಾಣ್ತವೆ. ಅದಕ್ಕೇ ನಾನು ಹಗಲು ಬೆಳಕಲ್ಲಿ ಫೋಟೊ ತೆಗೆದು, ಸರ್ಕ್ಯೂಟ್ ನಕ್ಷೆ ಸಿಕ್ಕಿದ್ರೆ ಅದರ ಜೊತೆ ತಾಳೆ ನೋಡ್ತೀನಿ.

ಕೊನೆಗೊಂದು ಎಚ್ಚರಿಕೆ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಕೆಲಸ ಗೊತ್ತಿರೋರನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಕೈ ಹಾಕಿ.