ಬೆಳಕಿನ ದಾಸೋಹ

(ಕಾರ್ತಿಕ ದೀಪೋತ್ಸವದ ಸಂದರ್ಭದಲ್ಲಿ ದೊಡ್ಡಬಳ್ಳಾಪುರದಲ್ಲಿ ದಯಪಾಲಿಸಿದ ಆಶೀರ್ವಚನ)



'ವಿದ್ಯುತ್' ಎಂಬ ಶಬ್ದವು 'ದ್ಯುತ್' ಎಂಬ ಧಾತುವಿನಿಂದ ಬಂದುದು. ಪ್ರಕಾಶಿಸು ಎಂಬುದು ಅದರ ಅರ್ಥ. 'ವಿ' ಎಂಬ ಉಪಸರ್ಗ ಸೇರಿ, ವಿಶೇಷವಾಗಿ ಪ್ರಕಾಶಿಸುವಂಥದ್ದು ಎಂದಾಯಿತು. ಪ್ರಕಾಶವೆಂದ ಮೇಲೆ ಅದು ನಮ್ಮನ್ನೂ ತೋರಿಸಬೇಕು, ಪರರನ್ನೂ ತೋರಿಸಬೇಕು. ನಮ್ಮ ಮನೆಯ ದೀಪ ನಮ್ಮ ಗೋಡೆಯನ್ನಷ್ಟೇ ತೋರಿಸುತ್ತಿದೆ. ಆ ಬೆಳಕು ಯಾರ ನೆಲದಿಂದ ಬಂತೆಂಬುದನ್ನು ತೋರಿಸುತ್ತಿಲ್ಲ. ಇಂದು ಆ ವಿಚಾರವನ್ನು ತಮ್ಮ ಮುಂದಿಡುತ್ತೇವೆ.

ನಮ್ಮ ಈ ಊರು ಮಗ್ಗಗಳ ಊರು. ಇಲ್ಲಿನ ನೇಕಾರರ ಕಾಯಕ ನಡೆಯುವುದು ವಿದ್ಯುತ್ತಿನಿಂದ. ಆದರೆ ನಮ್ಮ ಸೀಮೆಯಲ್ಲಿ ವಿದ್ಯುತ್ತು ಕೊಡುವಂಥ ಹೊಳೆ ಇದೆಯೇ? ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಕೆರೆ ತುಂಬಿಸಿದರೆ ಅದೇ ನಮ್ಮ ಭಾಗ್ಯ. 1902ರಲ್ಲಿ ಶಿವನಸಮುದ್ರದ ಕಾವೇರಿ ಕೋಲಾರದ ಚಿನ್ನದ ಗಣಿಗೆ ಶಕ್ತಿ ಕೊಟ್ಟಳು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದಳು. ಮುಂದೆ ಮಲೆನಾಡಿನ ಶರಾವತಿಯ ಸರದಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಇಂದು ರಾಯಚೂರಿನ ಕಲ್ಲಿದ್ದಲು, ಪಾವಗಡದ ಬಿಸಿಲು ಕೂಡ ವಿದ್ಯುತ್ತಾಗಿವೆ, ನಿಜ. ಆದರೂ ಬಹುಕಾಲ ನಾಡನ್ನು ಸಾಕಿದ ತಾಯಿ ಶರಾವತಿಯೇ.

ಆ ನೀರಿನಡಿಯಲ್ಲಿ ಏನು ಮುಳುಗಿತು? ಕಾಡು ಮುಳುಗಿತು, ಗದ್ದೆ ಮುಳುಗಿತು, ಊರು ಮುಳುಗಿತು, ಗುಡಿ ಮುಳುಗಿತು. ಹಿನ್ನೀರಿನಾಚೆ ಉಳಿದ ಕರೂರು, ಬಾರಂಗಿ ಹೋಬಳಿಗಳ ಜನ ದಶಕಗಳ ಕಾಲ ಲಾಂಚು ಹತ್ತಿಯೇ ಸಾಗರ ಪೇಟೆಗೆ ಬಂದರು. ಸಿಗಂದೂರಿನ ಸೇತುವೆ ಆದದ್ದು 2025ರ ಜುಲೈನಲ್ಲಿ. ನಾಡಿಗೆಲ್ಲ ದೀಪ ಕೊಟ್ಟವರಲ್ಲಿ ಅನೇಕರು ತಾವು ಬಹುಕಾಲ ಸೀಮೆಎಣ್ಣೆಯ ಬುಡ್ಡಿಯ ಮುಂದೆ ಕುಳಿತರು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಕೆ?

ಇದನ್ನು ಕೇಳಿದವರು ಎರಡು ಬಗೆಯ ಮಾತಾಡುತ್ತಾರೆ. ಕಾಡು ಕಡಿದಾದರೂ ಕಂಬ ನೆಡಿರಿ, ಅಭಿವೃದ್ಧಿ ಮುಖ್ಯ ಎನ್ನುವವರು ಕೆಲವರು. ಕಾಡಿನವರಿಗೆ ಕರೆಂಟು ಏಕೆ, ಕಾಡು ಕಾಡಾಗಿಯೇ ಇರಲಿ ಎನ್ನುವವರು ಮತ್ತೆ ಕೆಲವರು. ಮೊದಲನೆಯದು ಲೋಭ, ಎರಡನೆಯದು ನಿರ್ದಯೆ. ರಾತ್ರಿ ಒಣಗರಿಯ ಸೂಡಿ ಹಿಡಿದು ಹಾವಿನ ದಾರಿಯಲ್ಲಿ ನಡೆಯುವವನ ಭಯ, ಬುಡ್ಡಿಯ ಹೊಗೆಯಲ್ಲಿ ಓದುವ ಮಗುವಿನ ಕಣ್ಣು, ನಡುರಾತ್ರಿ ಹೆರಿಗೆನೋವು ಬಂದ ತಾಯಿಯ ಸಂಕಟ, ಇವುಗಳನ್ನು ಪಟ್ಟಣದ ಫ್ಯಾನಿನ ಕೆಳಗೆ ಕುಳಿತು ಕಾಡಿನ ಸೊಬಗೆಂದು ಬಣ್ಣಿಸುವುದು ಧರ್ಮವಲ್ಲ. ದಯೆಯಿಲ್ಲದ ಕಡೆ ಧರ್ಮ ಹೇಗೆ ನಿಂತೀತು?

ಹಾಗಾದರೆ ದಾರಿ ಯಾವುದು? ಕಾಡಿನಲ್ಲಿ ಬೀಳುವ ಬಿಸಿಲು, ಹರಿಯುವ ನೀರು, ಇವೇ ದಾರಿ. ಮಲೆನಾಡಿನಲ್ಲಿ ಮಳೆಗಾಲವೆಲ್ಲ ಸೂರ್ಯದರ್ಶನ ಅಪರೂಪ. ಆಗ ಹಳ್ಳಗಳು ತುಂಬಿರುತ್ತವೆ. ಬೇಸಗೆಯಲ್ಲಿ ಹಳ್ಳ ಬತ್ತುತ್ತದೆ. ಆಗ ಬಿಸಿಲು ಧಾರಾಳ. ಪ್ರಕೃತಿಯೇ ಸರದಿ ಹಂಚಿಕೊಟ್ಟಿದೆ! ಅಲ್ಲಿನ ಎಷ್ಟೋ ಮನೆಗಳವರು ಗುಡ್ಡದ ಹಳ್ಳದಿಂದ ಪೈಪಿನಲ್ಲಿ ನೀರಿಳಿಸಿ, ಒಂದು ಪುಟ್ಟ ಚಕ್ರ ತಿರುಗಿಸಿ ದೀಪ ಹಚ್ಚುತ್ತಾರೆ. ಚಕ್ರ ತಿರುಗಿಸಿದ ನೀರು ಮತ್ತೆ ಹಳ್ಳಕ್ಕೇ ಸೇರುತ್ತದೆ. ಅಣೆಕಟ್ಟಿಲ್ಲ, ಮುಳುಗಡೆಯಿಲ್ಲ. ಬಿಸಿಲಿನ ವಿದ್ಯುತ್ತಿಗೆ 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯ ಉದಾಹರಣೆಯಿದೆ. ಬಡವರು ತಮ್ಮ ದುಡಿಮೆಗೆ ತಕ್ಕಂತೆ ಕಂತು ಕಟ್ಟಿ ದೀಪ ಪಡೆಯಬಹುದೆಂದು ತೋರಿಸಿದ ಅದರ ಸ್ಥಾಪಕ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಆದರೆ ಎಚ್ಚರ ಬೇಕು. ಸೌರದೀಪದ ಹಳೆಯ ಬ್ಯಾಟರಿಯಲ್ಲಿ ಸೀಸವಿದೆ, ಆಮ್ಲವಿದೆ. ಅದನ್ನು ಹಳ್ಳಕ್ಕೆಸೆದರೆ ಬೆಳಕೇ ವಿಷವಾದೀತು. ಹೊಸದು ಕೊಟ್ಟವರು ಹಳೆಯದನ್ನು ಮರಳಿ ಒಯ್ಯಬೇಕು. ದುರಸ್ತಿ ಬಲ್ಲ ಹುಡುಗನೊಬ್ಬ ಆ ಹಾಡಿಯಲ್ಲೇ ತಯಾರಾಗಬೇಕು. ಇಲ್ಲವಾದರೆ ಫಲಕ ಮಾಡಿನ ಮೇಲೆ, ಮನೆಯವರು ಕತ್ತಲೆಯಲ್ಲಿ! ತಂತಿಯನ್ನೇ ಎಳೆಯಬೇಕಾದ ಕಡೆ ಇರುವ ರಸ್ತೆಯ ಅಂಚಿನಲ್ಲೇ ಹೊದಿಕೆಯುಳ್ಳ ತಂತಿ ಹೋಗಲಿ. ಜೋತುಬಿದ್ದ ಬರಿತಂತಿಗೆ ಆನೆಗಳು ಬಲಿಯಾದದ್ದನ್ನು ನಾವು ಬಲ್ಲೆವು. 2006ರ ಅರಣ್ಯ ಹಕ್ಕು ಕಾಯಿದೆ ವಿದ್ಯುತ್ ತಂತಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡುಭೂಮಿಯನ್ನು, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಬಳಸಲು ಅವಕಾಶ ಕೊಟ್ಟಿದೆ. ಗ್ರಾಮಸಭೆಯ ಮಾತು ಮೊದಲು ಎಂಬುದನ್ನು ಗಮನಿಸಿರಿ.

ಸದ್ಭಕ್ತರೇ, ದಾನಕ್ಕೂ ದಾಸೋಹಕ್ಕೂ ಭೇದವಿದೆ. ದಾನದಲ್ಲಿ 'ನಾನು ಕೊಟ್ಟೆ' ಎಂಬ ಅಹಂಕಾರ ನುಸುಳುತ್ತದೆ. ದಾಸೋಹದಲ್ಲಿ 'ಅವರದನ್ನು ಅವರಿಗೆ ಒಪ್ಪಿಸಿದೆ' ಎಂಬ ವಿನಯವಿರುತ್ತದೆ. ಕಾಡಿನವರಿಗೆ ನಾವು ಬೆಳಕು ಕೊಡುವುದು ದಾನವಲ್ಲ, ಸಾಲ ತೀರಿಸುವುದು. ಸಾಲ ತೀರಿಸುವ ನೆಪದಲ್ಲಿ ಅವರ ಕಾಡನ್ನೇ ಕಿತ್ತುಕೊಂಡರೆ ಅದು ಎರಡನೆಯ ಸಾಲವಾದೀತು.

ಒಂದು ಲೆಕ್ಕ ಹೇಳುತ್ತೇವೆ. 9 ವಾಟಿನ ನಾಲ್ಕು ಎಲ್‌ಇಡಿ ದೀಪಗಳಿಗೆ ಬೇಕಾದದ್ದು 36 ವಾಟ್. ನಮ್ಮ ಬಚ್ಚಲಿನ ಗೀಸರು ಎಳೆಯುವುದು 2,000 ವಾಟ್. ಅದು ಉರಿಯುವಷ್ಟು ಹೊತ್ತು ಐವತ್ತಕ್ಕೂ ಹೆಚ್ಚು ಮನೆಗಳ ದೀಪ ಉರಿಯಬಹುದು! 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ 200 ಯೂನಿಟ್ಟಿನೊಳಗಿನ ಅನೇಕ ಮನೆಗಳಿಗೆ ಬಿಲ್ಲಿನ ಭಯವಿಲ್ಲ. ಭಯ ಹೋದೀತು, ಬೆಲೆ ಹೋಗಲಿಲ್ಲ. ಆ ಬೆಲೆಯನ್ನು ಕಾಡು ತೆರುತ್ತದೆ. ಪ್ರಸಾದವನ್ನು ತಟ್ಟೆಯಲ್ಲಿ ಬಿಡಬಾರದೆಂಬುದು ನಮ್ಮ ನಿಯಮ. ಬೆಳಕೂ ಪ್ರಸಾದವೇ. ಆಳಿಲ್ಲದ ಕೋಣೆಯಲ್ಲಿ ಉರಿಯುವ ದೀಪ ಎಂಜಲು ಬಿಟ್ಟ ಪ್ರಸಾದ.

ಆದಕಾರಣ ಈ ಕಾರ್ತಿಕದಲ್ಲಿ ಪ್ರತಿಯೊಬ್ಬರೂ ಬೇಡದ ದೀಪವೊಂದನ್ನು ಆರಿಸಿರಿ. ಕಾಡಿನ ಮನೆಯಲ್ಲಿ ದೀಪವೊಂದು ಹತ್ತುವಂತೆ ಕೈಲಾದುದನ್ನು ಮಾಡಿರಿ. ಅಲ್ಲಿನ ದೀಪವೂ ಬೆಳಗಲಿ, ಅಲ್ಲಿನ ಮರವೂ ನಿಲ್ಲಲಿ. ಗುರುಬಸವಣ್ಣನವರು ಎಲ್ಲರಿಗೂ ಸನ್ಮತಿಯನ್ನು ಕರುಣಿಸಲೆಂದು ಹರಸಿ, ನಮ್ಮ ಮಾತಿಗೆ ಮಂಗಳ ಹೇಳುತ್ತೇವೆ.